ಮಿರಜಿನ ದಾರಿ, ಯಕೃತ್ತಿನ ನಾಳ

ಜಮಖಂಡಿ ಸೀಮೆಯ ಊರುಗಳಲ್ಲಿ ಒಂದು ಕಾಲಕ್ಕೆ ಬ್ಯಾನಿ ಊರ ವೈದ್ಯರ ಕೈಮೀರಿದರೆ ಮನೆಯವರ ಬಾಯಿಗೆ ಮೊದಲು ಬರುತ್ತಿದ್ದ ಹೆಸರು ಬೆಂಗಳೂರಲ್ಲ, ವಿಜಾಪುರವೂ ಅಲ್ಲ, ಮಿರಜ. ‘ಮಿರಜಿಗೆ ಒಯ್ರಿ’ ಎಂದು ಯಾರೋ ಹಿರಿಯರು ಹೇಳಿದರೆಂದರೆ ಬುತ್ತಿ, ಹಾಸಿಗೆ, ಸಾಲದ ರೊಕ್ಕ ಹೊಂದಿಸುವ ಓಡಾಟ ಶುರುವಾಗುತ್ತಿತ್ತು. ದೂರದ ದವಾಖಾನೆಗೆ ಹೊರಡುವ ಈ ರೂಢಿಗೆ ಒಂದು ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಯಕೃತ್ತಿನ ಕ್ಯಾನ್ಸರಿನಂಥ ರೋಗಕ್ಕೆ ಈ ನೆಲದವರು ಯಾವ ಕಾಲದಲ್ಲಿ ಏನು ಚಿಕಿತ್ಸೆ ಪಡೆಯಲು ಸಾಧ್ಯವಿತ್ತು ಎಂಬುದನ್ನು ತಿಳಿಯಲು ಆ ದಾರಿಯನ್ನೇ ಹಿಡಿದು ಹೋಗಬೇಕು.

ದಾರಿ ಮಿರಜಿನ ಕಡೆಗೇ ತಿರುಗಿದ್ದಕ್ಕೆ ಕಾರಣ ಹಳೆಯ ನಕಾಶೆಯಲ್ಲಿದೆ. ಇಂದು ಬಾಗಲಕೋಟೆ ಜಿಲ್ಲೆಯಲ್ಲಿ ಒಟ್ಟಿಗಿರುವ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ, ಬೀಳಗಿ ತಾಲೂಕುಗಳು 1948ರವರೆಗೆ ಬೇರೆ ಬೇರೆ ದೊರೆಗಳ ಕೈಯಲ್ಲಿದ್ದವು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ರಬಕವಿ ಸಾಂಗ್ಲಿ ಸಂಸ್ಥಾನದ ತೇರದಾಳ ಭಾಗಕ್ಕೆ ಸೇರಿತ್ತು. ಬೀಳಗಿ ಮಾತ್ರ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಸಾಂಗ್ಲಿ, ಮಿರಜ, ಜಮಖಂಡಿ ಮೂರನ್ನೂ ಆಳಿದ್ದು ಪಟವರ್ಧನ ಮನೆತನದ ಕವಲುಗಳೇ. ನಂಟಸ್ತಿಕೆ, ಕೋರ್ಟು ಕಚೇರಿ, ನೂಲು ಸೀರೆಯ ವ್ಯಾಪಾರ ಎಲ್ಲವೂ ಕೃಷ್ಣೆಯ ಗುಂಟ ಮೇಲ್ಮುಖವಾಗಿ ಸಾಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೆಳಗಾವಿ–ಪುಣೆ ರೈಲು ಓಡತೊಡಗಿದ ಮೇಲೆ ಕುಡಚಿ ನಿಲ್ದಾಣ ಜಮಖಂಡಿ, ರಬಕವಿಯವರಿಗೆ ಹತ್ತಿರದ ರೈಲಾಯಿತು. ಅಲ್ಲಿಂದ ಮಿರಜ ದೂರವಲ್ಲ.

ಆ ಮಿರಜಿನಲ್ಲಿ 1894ರಲ್ಲಿ ಒಂದು ಆಸ್ಪತ್ರೆ ತೆರೆಯಿತು. ಕಟ್ಟಿದವರು ಕೆನಡಾ ಮೂಲದ ವಿಲಿಯಂ ಜೇಮ್ಸ್ ವಾನ್‌ಲೆಸ್, ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ ಕಳಿಸಿದ ವೈದ್ಯರು. 1889ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ ಇಪ್ಪತ್ತನಾಲ್ಕರ ಆಸುಪಾಸು. ಮೊದಲು ಸಾಂಗ್ಲಿಯಲ್ಲಿ ಚಿಕ್ಕದಾಗಿ ಕೆಲಸ ಹೂಡಿ, ಬಳಿಕ ಮಿರಜಿಗೆ ಬಂದರು. ಕಣ್ಣಿನ ಪೊರೆ, ಹೊಟ್ಟೆಯ ಗಡ್ಡೆ, ಮೂತ್ರಕೋಶದ ಕಲ್ಲು, ಏನೇ ಇರಲಿ, ಮರಾಠಿ ಮಾತಾಡುವವರೂ ಕನ್ನಡ ಮಾತಾಡುವವರೂ ಅವರ ಶಸ್ತ್ರಚಿಕಿತ್ಸೆಯ ಕೋಣೆಯ ಮುಂದೆ ಸಾಲುಗಟ್ಟಿದರು. ಜತೆಗೇ ವೈದ್ಯ ಶಾಲೆ, ಕುಷ್ಠರೋಗಿಗಳ ಆಶ್ರಯ, ಕ್ಷಯರೋಗಿಗಳ ಸ್ಯಾನಿಟೋರಿಯಂ ಬೆಳೆದವು. 1928ರಲ್ಲಿ ಅವರಿಗೆ ‘ಸರ್’ ಪದವಿ ಬಂತು. ಆ ಹೊತ್ತಿಗೆ ಮಿರಜ ಎಂದರೆ ದವಾಖಾನೆ ಎಂಬಷ್ಟು ಆ ಊರಿನ ಹೆಸರು ಗಟ್ಟಿಯಾಗಿತ್ತು.

ಆದರೆ ಬಲಪಕ್ಕೆಯ ಕೆಳಗೆ ಬಾವು ಹೊತ್ತು ಬಂದವರಿಗೆ ಮಿರಜಿನಂಥ ಆಸ್ಪತ್ರೆಯಲ್ಲೂ ಸಿಗಬಹುದಾದ ಉತ್ತರ ಎರಡೇ. ಬಾವು ಆಮಶಂಕೆಯ ಅಮೀಬಾದಿಂದ ಆದ ಕೀವಿನ ಗಂಟಾಗಿದ್ದರೆ ಬದುಕುವ ದಾರಿಯಿತ್ತು. ಕಲ್ಕತ್ತದ ಲಿಯೊನಾರ್ಡ್ ರಾಜರ್ಸ್ 1912ರಲ್ಲಿ ಎಮಿಟೀನ್ ಇಂಜೆಕ್ಷನ್ ಬಳಕೆಗೆ ತಂದ ಮೇಲೆ ಆ ದಾರಿ ಇನ್ನಷ್ಟು ಸಲೀಸಾಯಿತು. ಗಂಟು ಕ್ಯಾನ್ಸರಾಗಿದ್ದರೆ ಮಾಡುವುದೇನೂ ಇರಲಿಲ್ಲ. ಸ್ಕ್ಯಾನ್ ಇಲ್ಲದ ಕಾಲದಲ್ಲಿ ಎರಡರ ನಡುವಿನ ವ್ಯತ್ಯಾಸ ಎಷ್ಟೋ ಸಲ ಹೊಟ್ಟೆ ತೆರೆದ ಮೇಲೆಯೇ ತಿಳಿಯುತ್ತಿತ್ತು. ಊರಲ್ಲಿ ಕಾಮಣಿಗೆ ನಾಟಿ ಔಷಧ ಕುಡಿದು, ಪಥ್ಯ ಹಿಡಿದು, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಹೊರಟವರೇ ಹೆಚ್ಚು. ಅವರನ್ನು ಮನೆಗೆ ವಾಪಸು ಕರೆದೊಯ್ಯುವುದೂ ಈ ರೂಢಿಯ ಒಂದು ಭಾಗವಾಗಿತ್ತು.

ಸ್ವಾತಂತ್ರ್ಯದ ನಂತರ ದಾರಿಗಳು ಕವಲೊಡೆದವು. 1948ರ ಮಾರ್ಚ್‌ನಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಜಮಖಂಡಿ ತಾಲೂಕಿನ ಸಾವಳಗಿಯವರಾದ ಬಿ.ಡಿ. ಜತ್ತಿ ಸಂಸ್ಥಾನದ ಪ್ರಧಾನಿಯಾಗಿದ್ದವರು. 1950ರ ದಶಕದಲ್ಲಿ ಅವರು ಮುಂಬಯಿ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಸಚಿವರಾದರು. ಆಗ ಇಡೀ ಪ್ರಾಂತಕ್ಕೆ ಕ್ಯಾನ್ಸರಿನ ದೊಡ್ಡ ಆಸ್ಪತ್ರೆ ಎಂದರೆ ಮುಂಬಯಿ ಪರೇಲಿನ ಟಾಟಾ ಸ್ಮಾರಕ, 1941ರಲ್ಲಿ ತೆರೆದದ್ದು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಮಿರಜ, ಮುಂಬಯಿ ಎರಡೂ ಗಡಿಯಾಚೆ ಉಳಿದವು. ಹುಬ್ಬಳ್ಳಿಯಲ್ಲಿ 1957ರಲ್ಲಿ, ಬೆಳಗಾವಿಯಲ್ಲಿ 1963ರಲ್ಲಿ, ವಿಜಾಪುರದಲ್ಲಿ 1986ರಲ್ಲಿ ವೈದ್ಯಕೀಯ ಕಾಲೇಜುಗಳು ಹುಟ್ಟಿದವು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಹುಬ್ಬಳ್ಳಿಯ ನವನಗರದಲ್ಲಿ ಡಾ. ಆರ್.ಬಿ. ಪಾಟೀಲರು ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಕಟ್ಟಿದರು. ಬಾಯಿ, ಗರ್ಭಕೊರಳು, ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ವಿಕಿರಣ, ಔಷಧ ಹತ್ತಿರವಾದವು. ಯಕೃತ್ತಿನ ಕ್ಯಾನ್ಸರ್ ಮಾತ್ರ ಬಹುಕಾಲ ಹಾಗೆಯೇ ಉಳಿಯಿತು. ಕೊಯ್ದು ತೆಗೆಯಲು ಆಗದಷ್ಟು ಹಬ್ಬಿದ ಮೇಲೇ ರೋಗಿ ಬರುತ್ತಿದ್ದ. ವಿಕಿರಣ ಕೊಟ್ಟರೆ ಕ್ಯಾನ್ಸರಿಗಿಂತ ಮೊದಲು ಉಳಿದ ಯಕೃತ್ತೇ ಸೋಲುತ್ತಿತ್ತು.

ಅದಕ್ಕೆ ದಾರಿ ತೆರೆದದ್ದು ರಕ್ತನಾಳದೊಳಗಿಂದ. 1953ರಲ್ಲಿ ಸ್ವೀಡನ್ನಿನ ಸ್ವೆನ್ ಐವರ್ ಸೆಲ್ಡಿಂಗರ್ ಎಂಬ ಮೂವತ್ತೆರಡರ ವೈದ್ಯ ಒಂದು ಸರಳ ಉಪಾಯ ಪ್ರಕಟಿಸಿದ. ನಾಳಕ್ಕೆ ಸೂಜಿ ಚುಚ್ಚು, ಸೂಜಿಯೊಳಗಿಂದ ತೆಳು ತಂತಿ ತೂರಿಸು, ಸೂಜಿ ಹೊರತೆಗೆ, ತಂತಿಯ ಮೇಲೆ ಕ್ಯಾಥೆಟರ್ ಎಂಬ ಕೊಳವೆ ಜಾರಿಸು. ಕೊಯ್ಯದೆಯೇ ದೇಹದ ಯಾವ ಅಂಗದ ನಾಳಕ್ಕೂ ಹೋಗುವ ಬಾಗಿಲು ಇದು. ಮರುವರ್ಷವೇ ಅಮೆರಿಕದ ಬ್ರೀಡಿಸ್ ಮತ್ತು ಯಂಗ್ ಯಕೃತ್ತಿನ ಗಡ್ಡೆಗಳಿಗೆ ರಕ್ತ ಎಲ್ಲಿಂದ ಬರುತ್ತದೆಂದು ತೋರಿಸಿದರು. ಯಕೃತ್ತು ಎರಡು ಕಾಲುವೆಯ ನೀರುಣ್ಣುವ ಹೊಲವಿದ್ದಂತೆ. ಮುಕ್ಕಾಲು ಪಾಲು ರಕ್ತ ಕರುಳಿನಿಂದ ಬರುವ ಪೋರ್ಟಲ್ ಅಭಿಧಮನಿಯದು, ಕಾಲು ಪಾಲು ಯಕೃತ್ತಿನ ಅಪಧಮನಿಯದು. ಕ್ಯಾನ್ಸರ್ ಗಡ್ಡೆ ಕುಡಿಯುವುದು ಹೆಚ್ಚುಕಡಿಮೆ ಪೂರ್ತಿ ಈ ಚಿಕ್ಕ ಕಾಲುವೆಯ ನೀರನ್ನೇ. ಅದನ್ನು ಕಟ್ಟಿದರೆ ಗಡ್ಡೆ ಒಣಗುತ್ತದೆ, ಯಕೃತ್ತು ದೊಡ್ಡ ಕಾಲುವೆಯಿಂದ ಬದುಕುತ್ತದೆ. ಎಂಬೊಲೈಸೇಷನ್ ಎಂದು ವೈದ್ಯರು ಕರೆಯುವ ಚಿಕಿತ್ಸೆಯ ಬುನಾದಿ ಇಷ್ಟೇ.

ಏನಿಂದ ಕಟ್ಟಬೇಕು ಎಂಬುದರಿಂದ ಬೇರೆ ಬೇರೆ ವಿಧಾನಗಳು ಹುಟ್ಟಿದವು. 1974ರಲ್ಲಿ ಫ್ರಾನ್ಸಿನ ಡೊಯೊಂ ಮತ್ತು ಸಂಗಡಿಗರು ಯಕೃತ್ತಿನ ಗಡ್ಡೆಗಳ ಅಪಧಮನಿಯನ್ನು ಹೀಗೆ ಮುಚ್ಚಿದ ವರದಿ ಪ್ರಕಟಿಸಿದರು. ಅದೇ ಹೊತ್ತಿಗೆ ಅಮೆರಿಕದ ಮಿನ್ನೆಸೋಟದಲ್ಲಿ ಎಸ್. ಮೂರ್ತಿ ತಾಡವರ್ತಿ ಮತ್ತು ಸಹೋದ್ಯೋಗಿಗಳು ಪಾಲಿವಿನೈಲ್ ಆಲ್ಕೋಹಾಲಿನ ಕಣಗಳನ್ನು ನಾಳ ಮುಚ್ಚಲು ಬಳಸಿದರು. ಜವಳಿ ಉದ್ಯಮದಲ್ಲಿ ಹಾಸಿನ ನೂಲಿಗೆ ಹಚ್ಚುವ ಗಂಜಿಗೆ ಬಳಸುವ ವಸ್ತುವೂ ಇದೇ. ರಬಕವಿ-ಬನಹಟ್ಟಿಯಂಥ ಮಗ್ಗದ ಊರುಗಳಿಗೆ ಇದು ಪರಕೀಯವಲ್ಲ. ಮೊದಲನೆಯದಾದ ಈ ವಿಧಾನ ಬರಿಯ ತಡೆ. ಔಷಧವಿಲ್ಲ, ಹಸಿವಿನಿಂದಷ್ಟೇ ಗಡ್ಡೆಯನ್ನು ಸೊರಗಿಸುವ ವಿಧಾನ.

ಎರಡನೆಯದಕ್ಕೆ ವೈದ್ಯರು ‘ಟೇಸ್’ ಎನ್ನುತ್ತಾರೆ, ಕೀಮೋ ಔಷಧ ಬೆರೆತ ತಡೆ. ಜಪಾನಿನ ಒಸಾಕದಲ್ಲಿ ರ‍್ಯುಸಾಕು ಯಮಾಡ ಮತ್ತು ಅವರ ತಂಡ ಜೆಲಾಟಿನ್ ಸ್ಪಂಜಿನ ತುಣುಕುಗಳಿಗೆ ಕ್ಯಾನ್ಸರ್ ಔಷಧ ಹೀರಿಸಿ ನಾಳಕ್ಕೆ ಬಿಟ್ಟರು. 1983ರಲ್ಲಿ 120 ರೋಗಿಗಳ ಅನುಭವ ಪ್ರಕಟಿಸಿದರು. ಅದೇ ದಶಕದಲ್ಲಿ ಜಪಾನಿನವರು ಲಿಪಿಯೊಡಾಲ್ ಸೇರಿಸಿದರು. ಇದು ಗಸಗಸೆ ಎಣ್ಣೆಗೆ ಅಯೋಡಿನ್ ಬೆರೆಸಿದ್ದು, 1901ರಲ್ಲಿ ಪ್ಯಾರಿಸಿನ ಮಾರ್ಸೆಲ್ ಗರ್ಬೆ ತಯಾರಿಸಿದ್ದು. ಯಕೃತ್ತಿನ ಆರೋಗ್ಯವಂತ ಭಾಗ ಈ ಎಣ್ಣೆಯನ್ನು ತೊಳೆದುಹಾಕುತ್ತದೆ, ಗಡ್ಡೆ ಮಾತ್ರ ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆಯೊಂದಿಗೆ ಔಷಧವೂ ಅಲ್ಲೇ ಕೂರುತ್ತದೆ.

ಈ ಕೆಲಸ ಇಂದಿಗೂ ನಡೆಯುವ ರೀತಿ ಹೀಗಿದೆ. ರೋಗಿಗೆ ಪೂರ್ತಿ ಎಚ್ಚರ ತಪ್ಪಿಸುವುದು ಸಾಮಾನ್ಯವಾಗಿ ಬೇಕಿಲ್ಲ. ತೊಡೆಸಂದಿಯ ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸೂಜಿ ಚುಚ್ಚುತ್ತಾರೆ. ಎಕ್ಸ್-ರೇ ಪರದೆ ನೋಡುತ್ತ ತಂತಿ ಮಹಾಪಧಮನಿಯನ್ನು ಏರುತ್ತದೆ, ಯಕೃತ್ತಿನ ಕವಲಿಗೆ ಹೊರಳುತ್ತದೆ, ಇನ್ನೂ ತೆಳುವಾದ ಮೈಕ್ರೋಕ್ಯಾಥೆಟರ್ ಗಡ್ಡೆಯ ಬಾಗಿಲಿಗೆ ತಲುಪುತ್ತದೆ. ಬಣ್ಣದ್ರವ ಬಿಟ್ಟರೆ ಪರದೆಯ ಮೇಲೆ ಗಡ್ಡೆ ಕಪ್ಪಗೆ ಅರಳುತ್ತದೆ. ಪಕ್ಕದ ಮೇಜಿನಲ್ಲಿ ಡಾಕ್ಸೊರುಬಿಸಿನ್ ಎಂಬ ಕೆಂಪು ಕೀಮೋ ಔಷಧ ಒಂದು ಸಿರಿಂಜಿನಲ್ಲಿ, ಹಳದಿ ಎಣ್ಣೆ ಇನ್ನೊಂದರಲ್ಲಿ. ನಡುವೆ ಮೂರು ಬಾಯಿಯ ತಿರುಪು. ಅತ್ತಿಂದಿತ್ತ ಮತ್ತೆ ಮತ್ತೆ ತಳ್ಳಿದಾಗ ಎರಡೂ ಸೇರಿ ಗಟ್ಟಿ ಗುಲಾಬಿ ಹಾಲಿನಂತಾಗುತ್ತದೆ. ಅದನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟು, ರಕ್ತದ ಹರಿವು ನಿಧಾನವಾದ ಮೇಲೆ ಕತ್ತರಿಯಲ್ಲಿ ಚೂರು ಮಾಡಿದ ಸ್ಪಂಜಿನಿಂದ ಬಾಗಿಲು ಮುಚ್ಚುತ್ತಾರೆ. ಮುಂದಿನ ಕೆಲವು ದಿನ ಜ್ವರ, ಬಲಪಕ್ಕೆ ನೋವು, ವಾಕರಿಕೆ ಇರುವುದುಂಟು.

2000ದ ದಶಕದಲ್ಲಿ ಮೂರನೆಯ ವಿಧಾನ ಬಂತು. ಎಣ್ಣೆಯ ಬದಲು ಔಷಧ ಹೀರಿಕೊಂಡ, ಮಿಲಿಮೀಟರಿಗಿಂತ ಎಷ್ಟೋ ಚಿಕ್ಕ ಮಣಿಗಳು. ನಾಳದಲ್ಲಿ ಸಿಕ್ಕಿಕೊಂಡು ಔಷಧವನ್ನು ನಿಧಾನಕ್ಕೆ ಬಿಡುತ್ತವೆ. ನಾಲ್ಕನೆಯದರಲ್ಲಿ ಮಣಿ ಹೊತ್ತಿರುವುದು ಔಷಧವನ್ನಲ್ಲ, ವಿಕಿರಣವನ್ನು. ಯಟ್ರಿಯಂ-90 ತುಂಬಿದ ಈ ಮಣಿಗಳ ಶಕ್ತಿ 64 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಕಿರಣ ಅಂಗಾಂಶದಲ್ಲಿ ಸರಾಸರಿ ಎರಡೂವರೆ ಮಿಲಿಮೀಟರಿನಷ್ಟೇ ಸಾಗುತ್ತದೆ. ಚಿಕಿತ್ಸೆಗೆ ಮುಂಚೆ ಮಣಿಗಳು ಶ್ವಾಸಕೋಶಕ್ಕೆ ಸೋರುವುದಿಲ್ಲವೆಂದು ಬೇರೊಂದು ಪರೀಕ್ಷೆಯಲ್ಲಿ ಖಚಿತಪಡಿಸಿಕೊಳ್ಳಬೇಕು. ಪರದೇಶದಿಂದ ತರಿಸುವ ಮಣಿಗೆ ಲಕ್ಷಗಟ್ಟಲೆ ಖರ್ಚು. ಭಾಭಾ ಅಣು ಸಂಶೋಧನಾ ಕೇಂದ್ರ ‘ಭಾಭಾಸ್ಫಿಯರ್’ ಹೆಸರಿನಲ್ಲಿ ದೇಶೀಯ ಗಾಜಿನ ಮಣಿ ತಯಾರಿಸಿದ್ದು ಇದೇ ಕಾರಣಕ್ಕೆ ಮುಖ್ಯ.

ನಾಲ್ಕರಲ್ಲಿ ಯಾವುದು ಮೇಲು? ಈ ಪ್ರಶ್ನೆಗೆ ಮೂವತ್ತು ವರ್ಷ ಜಗತ್ತಿನ ಆಸ್ಪತ್ರೆಗಳು ಉತ್ತರ ಹುಡುಕಿವೆ.

ಮೊದಲ ಸುತ್ತಿನಲ್ಲಿ ನಿರಾಸೆಯಾಯಿತು. 1995ರಲ್ಲಿ ಫ್ರಾನ್ಸಿನ ತಂಡವೊಂದು 96 ರೋಗಿಗಳಲ್ಲಿ ಎಣ್ಣೆಯ ಕೀಮೋ ತಡೆಯನ್ನು, ಆರೈಕೆಯಷ್ಟೇ ಪಡೆದವರ ಜತೆ ಹೋಲಿಸಿತು. ಗಡ್ಡೆ ಕುಗ್ಗಿತು, ಆದರೆ ಆಯಸ್ಸು ಖಚಿತವಾಗಿ ಹೆಚ್ಚಿತೆಂದು ಹೇಳಲಾಗಲಿಲ್ಲ. ಎಷ್ಟೋ ಜನರ ಯಕೃತ್ತು ಚಿಕಿತ್ಸೆಯಿಂದಲೇ ಕೆಟ್ಟಿತು. ಏಳು ವರ್ಷದ ಬಳಿಕ, 2002ರಲ್ಲಿ, ಚಿತ್ರ ಬದಲಾಯಿತು. ಬಾರ್ಸಿಲೋನದ ಯೋಸೆಪ್ ಯೊವೆಟ್ ತಂಡ 112 ರೋಗಿಗಳನ್ನು ಮೂರು ಗುಂಪು ಮಾಡಿತು. ಎರಡು ವರ್ಷದ ಕೊನೆಗೆ ಬದುಕಿದ್ದವರು ಕೀಮೋ ತಡೆಯ ಗುಂಪಿನಲ್ಲಿ ಶೇ 63, ಬರಿಯ ತಡೆಯ ಗುಂಪಿನಲ್ಲಿ ಶೇ 50, ಆರೈಕೆಯಷ್ಟೇ ಪಡೆದವರಲ್ಲಿ ಶೇ 27. ಕೀಮೋ ತಡೆಯ ಲಾಭ ಸ್ಪಷ್ಟವಾದದ್ದರಿಂದ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು. ಹಾಗಾಗಿ ಬರಿಯ ತಡೆಗೂ ಔಷಧದ ತಡೆಗೂ ನಡುವಿನ ತೀರ್ಪು ಬಾಕಿಯೇ ಉಳಿಯಿತು. ಅದೇ ವರ್ಷ ಹಾಂಗ್‌ಕಾಂಗಿನ ಪ್ರಯೋಗದಲ್ಲೂ ಎರಡು ವರ್ಷ ಬದುಕಿದವರು ಶೇ 31, ಚಿಕಿತ್ಸೆ ಇಲ್ಲದ ಗುಂಪಿನಲ್ಲಿ ಶೇ 11.

ಆಮೇಲಿನ ಹೋಲಿಕೆಗಳಲ್ಲಿ ಅಂತರ ಕಿರಿದಾಗುತ್ತ ಹೋಯಿತು. 2010ರಲ್ಲಿ ಯುರೋಪಿನ 212 ರೋಗಿಗಳಲ್ಲಿ ಔಷಧದ ಮಣಿಯನ್ನೂ ಎಣ್ಣೆಯ ವಿಧಾನವನ್ನೂ ಎದುರುಬದುರು ಇಟ್ಟರು. ಗಡ್ಡೆ ಕುಗ್ಗುವುದರಲ್ಲಿ ಮಣಿ ತುಸು ಮುಂದಿದ್ದರೂ ಗೆದ್ದಿತೆನ್ನುವಷ್ಟಲ್ಲ. ಆದರೆ ಕೀಮೋದ ಅಡ್ಡಪರಿಣಾಮ ಕಡಿಮೆಯಿತ್ತು. 2014ರಲ್ಲಿ ಇಟಲಿಯ 177 ರೋಗಿಗಳಲ್ಲೂ ಬದುಕಿನ ಅವಧಿ ಒಂದೇ, ಮಣಿಯವರಿಗೆ ನೋವು ಕಡಿಮೆ. 2016ರಲ್ಲಿ ನ್ಯೂಯಾರ್ಕಿನ ತಂಡ 101 ರೋಗಿಗಳಲ್ಲಿ ಬರೀ ಮಣಿಯನ್ನು ಔಷಧದ ಮಣಿಯೊಂದಿಗೆ ಹೋಲಿಸಿದಾಗ ಎರಡೂ ಕಡೆ ಸುಮಾರು 20 ತಿಂಗಳ ಬದುಕು. ಔಷಧ ಸೇರಿಸಿದ್ದರಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಅದೇ ವರ್ಷ ಷಿಕಾಗೋದಲ್ಲಿ 45 ಜನರ ಚಿಕ್ಕ ಪ್ರಯೋಗ ನಡೆಯಿತು. ವಿಕಿರಣದ ಮಣಿ ಪಡೆದವರಲ್ಲಿ ರೋಗ ಮುಂದುವರಿಯಲು 26 ತಿಂಗಳಿಗೂ ಮೀರಿ ಸಮಯ ಹಿಡಿಯಿತು, ಟೇಸ್ ಪಡೆದವರಲ್ಲಿ ಏಳು ತಿಂಗಳ ಒಳಗೆ. ಬದುಕಿದ ಅವಧಿ ಮಾತ್ರ ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಸಮ. 2017ರ ಫ್ರಾನ್ಸಿನ ದೊಡ್ಡ ಪ್ರಯೋಗದಲ್ಲಿ ವಿಕಿರಣದ ಮಣಿ ಸೊರಾಫೆನಿಬ್ ಎಂಬ ಕ್ಯಾನ್ಸರ್ ಮಾತ್ರೆಯನ್ನು ಮೀರಿಸಲಿಲ್ಲ, ಆದರೆ ರೋಗಿಗೆ ಸಂಕಟ ಕಡಿಮೆ ಮಾಡಿತು.

ಈ ಸಂಖ್ಯೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತಡೆಗೆ ಬಳಸುವ ವಸ್ತು ವಸ್ತುಗಳ ನಡುವಿನ ಅಂತರ ಸಣ್ಣದು. ಚಿಕಿತ್ಸೆ ಸಿಕ್ಕವರಿಗೂ ಸಿಗದವರಿಗೂ ನಡುವಿನ ಅಂತರ ಬಲು ದೊಡ್ಡದು. ಬಾರ್ಸಿಲೋನದ ಅದೇ ಪ್ರಯೋಗದಲ್ಲಿ ಮೊದಲು ಪರಿಶೀಲಿಸಿದ್ದು 903 ರೋಗಿಗಳನ್ನು, ಆಯ್ಕೆಯಾದದ್ದು 112 ಮಂದಿ. ಉಳಿದವರಲ್ಲಿ ಕೆಲವರಿಗೆ ಬೇರೆ ಚಿಕಿತ್ಸೆ ಸೂಕ್ತವಾಗಿತ್ತು, ಅನೇಕರ ರೋಗ ಇಲ್ಲವೇ ಯಕೃತ್ತು ಕೈಮೀರಿತ್ತು. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ಪೋರ್ಟಲ್ ಅಭಿಧಮನಿಯೇ ಗಡ್ಡೆಯಿಂದ ಮುಚ್ಚಿದ ಮೇಲೆ ಅಪಧಮನಿ ಮುಚ್ಚಿದರೆ ಯಕೃತ್ತಿಗೆ ಉಳಿಯುವ ಆಸರೆ ಏನೂ ಇಲ್ಲ. ಯಾವ ಮಣಿ ಎಂದು ಕೇಳುವ ಮೊದಲು ಯಾವ ಹೊತ್ತಿಗೆ ಎಂದು ಕೇಳಬೇಕಾಗುತ್ತದೆ.

ಜಮಖಂಡಿ, ಬೀಳಗಿಯಂಥ ಕಡೆ ಆ ಹೊತ್ತನ್ನು ನುಂಗಿದ್ದು ದಾರಿ ಮತ್ತು ರೊಕ್ಕ. ಬೆಳೆ ಬರುವ ತನಕ, ಕಬ್ಬಿನ ಬಿಲ್ಲು ಕೈಗೆ ಬರುವ ತನಕ, ಮಗ್ಗದ ವಾರದ ಪಗಾರ ಕೂಡುವ ತನಕ ನೋವು ತಡೆದುಕೊಂಡವರ ಕತೆ ಪ್ರತಿ ಓಣಿಯಲ್ಲಿದೆ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಯಶಸ್ವಿನಿ ಯೋಜನೆ ಬಂದಾಗ ಶಸ್ತ್ರಚಿಕಿತ್ಸೆಯ ಖರ್ಚಿಗೆ ಮೊದಲ ಆಸರೆ ಸಿಕ್ಕಿತು. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಶುರುವಾಗಿ ಬೆಳಗಾವಿ ವಿಭಾಗಕ್ಕೂ ಬಂದ ವಾಜಪೇಯಿ ಆರೋಗ್ಯಶ್ರೀ, ಬಡ ಕುಟುಂಬಗಳಿಗೆ ಕ್ಯಾನ್ಸರ್, ಹೃದ್ರೋಗದಂಥ ದೊಡ್ಡ ಚಿಕಿತ್ಸೆಯನ್ನು ಹಣವಿಲ್ಲದೆ ಕೊಡಿಸಿತು. ಇದರ ಫಲ ಅಳೆದವರಿದ್ದಾರೆ. ಯೋಜನೆ ಬಂದ ಉತ್ತರದ 300 ಹಳ್ಳಿಗಳನ್ನೂ ಗಡಿರೇಖೆಯ ಆಚೆ ಯೋಜನೆ ಇನ್ನೂ ಬಾರದ 272 ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ರೋಗಗಳಿಂದ ಆದ ಸಾವು ಬಡ ಕುಟುಂಬಗಳಲ್ಲಿ ಯೋಜನೆ ಇದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90. ಮೇಲಿನ ಹೋಲಿಕೆಗಳಲ್ಲಿ ಯಾವ ಹೊಸ ಮಣಿಯೂ ಸಾವು-ಬದುಕಿನ ಲೆಕ್ಕದಲ್ಲಿ ತೋರದ ಅಂತರ ಇದು. 2018ರಲ್ಲಿ ಈ ಯೋಜನೆಗಳನ್ನು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬೆರೆಸಲಾಯಿತು.

ಎಂಬೊಲೈಸೇಷನ್ ಬಹುಮಟ್ಟಿಗೆ ಉಪಶಮನದ ಚಿಕಿತ್ಸೆ; ಉಪಶಮನದ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಎಂಬೊಲೈಸೇಷನ್ ಮಾಡಲಾಗದಷ್ಟು ರೋಗ ಮುಂದುವರಿದವರಿಗೂ ನೋವಿಲ್ಲದೆ ಇರುವ ಹಕ್ಕಿದೆ. ಲಿಪಿಯೊಡಾಲಿನ ಎಣ್ಣೆ ಕೊಡುವ ಗಸಗಸೆ ಗಿಡವೇ ಮಾರ್ಫಿನ್ನನ್ನೂ ಕೊಡುತ್ತದೆ. ಅಫೀಮು ಬೆಳೆಯುವ ದೇಶದಲ್ಲೇ 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಬೆಂಗಳೂರಿನಲ್ಲಿ 1990ರ ದಶಕದಲ್ಲಿ ಹುಟ್ಟಿದ ಕರುಣಾಶ್ರಯ ಕೊನೆಗಾಲದ ಆರೈಕೆಗೆ ಒಂದು ಮಾದರಿ ಕಟ್ಟಿತು. ಅಂಥ ಆರೈಕೆ ತಾಲೂಕು ಆಸ್ಪತ್ರೆಯ ಮಟ್ಟಕ್ಕೆ ಇಳಿಯಬೇಕು. ನೋವಿನ ಮಾತ್ರೆಗಾಗಿ ಯಾರೂ ನೂರಾರು ಕಿಲೋಮೀಟರ್ ಹೋಗುವಂತಾಗಬಾರದು.

ದಾರಿ ಈಗ ಗಿಡ್ಡವಾಗುತ್ತಿದೆ. 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟಿಸಿದರು. ಯಕೃತ್ತಿನ ಕ್ಯಾನ್ಸರಿಗೆ ದೊಡ್ಡ ಕಾರಣಗಳಲ್ಲೊಂದಾದ ಹೆಪಟೈಟಿಸ್-ಬಿ ವಿರುದ್ಧದ ಲಸಿಕೆ 2011ರಿಂದ ದೇಶದ ಎಲ್ಲ ರಾಜ್ಯಗಳ ಮಕ್ಕಳಿಗೂ ಸರ್ಕಾರಿ ಕಾರ್ಯಕ್ರಮದಲ್ಲೇ ಸಿಗುತ್ತಿದೆ. ಅದಕ್ಕೂ ಮೊದಲು ಹುಟ್ಟಿದವರಲ್ಲಿ ಈ ವೈರಸ್ ಹೊತ್ತವರು, ಕುಡಿತದಿಂದ ಇಲ್ಲವೇ ಕೊಬ್ಬು ತುಂಬಿ ಯಕೃತ್ತು ಗಂಟುಗಟ್ಟಿದವರು ಈ ಸೀಮೆಯಲ್ಲೂ ಇದ್ದಾರೆ. ಯಕೃತ್ ತಜ್ಞರ ರಾಷ್ಟ್ರೀಯ ಸಂಘ 2014ರಲ್ಲಿ ಪ್ರಕಟಿಸಿದ ಪುರಿ ಶಿಫಾರಸುಗಳು ಅಪಾಯವಿರುವವರ ಮೇಲೆ ನಿಯಮಿತ ಅಲ್ಟ್ರಾಸೌಂಡ್ ನಿಗಾ ಇಡಬೇಕೆಂದು ಹೇಳುತ್ತವೆ. ಆರು ತಿಂಗಳಿಗೊಮ್ಮೆ ನೋಡುವುದು ವೈದ್ಯರ ರೂಢಿ. ಅಲ್ಟ್ರಾಸೌಂಡ್ ಯಂತ್ರಕ್ಕಾಗಿ ಮಿರಜಿಗಾಗಲಿ ಮುಂಬಯಿಗಾಗಲಿ ಹೋಗಬೇಕಿಲ್ಲ. ಕಾಮಣಿಯಾಗಿ ಹೋದವರಿಗೆ ಹೆಪಟೈಟಿಸ್-ಬಿ, ಸಿ ರಕ್ತಪರೀಕ್ಷೆ, ಯಕೃತ್ತು ಗಂಟುಗಟ್ಟಿದವರ ಹೆಸರಿನ ಪಟ್ಟಿ, ಆರು ತಿಂಗಳಿಗೊಮ್ಮೆ ಅವರನ್ನು ಕರೆಯುವ ಒಬ್ಬ ಆರೋಗ್ಯ ಕಾರ್ಯಕರ್ತೆ: ಮುಧೋಳ, ಬೀಳಗಿ, ಜಮಖಂಡಿ, ರಬಕವಿ-ಬನಹಟ್ಟಿಯ ದವಾಖಾನೆಗಳಲ್ಲಿ ಇಷ್ಟು ಏರ್ಪಾಟಾದರೆ ಗಡ್ಡೆ ಎರಡು ಮೂರು ಸೆಂಟಿಮೀಟರ್ ಇರುವಾಗಲೇ ಕಣ್ಣಿಗೆ ಬೀಳಲು ಸಾಧ್ಯ. ಆ ಅಳತೆಯಲ್ಲಿ ಎಷ್ಟೋ ಜನರಿಗೆ ಉಪಶಮನವಲ್ಲ, ಕೊಯ್ದು ಇಲ್ಲವೇ ಸುಟ್ಟು ಗುಣಪಡಿಸುವ ಚಿಕಿತ್ಸೆಯೇ ಸಿಗುತ್ತದೆ.